ಜಡವೆಂದರೆ ನಿರಪಾಯವೇ?

ರೆಫ್ರಿಜರೇಟರಿನ ಪಾಠ ಮಾಡುವಾಗ ನಾವು ಉಷ್ಣಚಲನಶಾಸ್ತ್ರದ ಚಕ್ರವನ್ನು ಬೋರ್ಡಿನ ಮೇಲೆ ಬರೆದು ಮುಗಿಸುತ್ತೇವೆ. ಕೊಳವೆಯಲ್ಲಿ ಸುತ್ತುವ ಅನಿಲ ಸೋರಿದರೆ ಎಲ್ಲಿಗೆ ಹೋಗುತ್ತದೆ ಎಂದು ಕೇಳುವುದಿಲ್ಲ. ಈ ಪ್ರಶ್ನೆಯನ್ನು ಬಹುಕಾಲ ಕೇಳದೆ ಉಳಿದುದಕ್ಕೆ ಜಗತ್ತು ತೆತ್ತ ಬೆಲೆ ದೊಡ್ಡದು.

1920ರ ದಶಕದ ರೆಫ್ರಿಜರೇಟರುಗಳಲ್ಲಿ ಅಮೋನಿಯ, ಸಲ್ಫರ್ ಡೈಆಕ್ಸೈಡ್, ಮೀಥೈಲ್ ಕ್ಲೋರೈಡ್ ಬಳಕೆಯಲ್ಲಿದ್ದವು. ಸೋರಿದರೆ ಮನೆಮಂದಿಯ ಜೀವಕ್ಕೇ ಸಂಚಕಾರ. ಇದಕ್ಕೆ ಪರಿಹಾರವಾಗಿ 1928ರಲ್ಲಿ ಅಮೆರಿಕದ ಥಾಮಸ್ ಮಿಡ್ಜ್‌ಲಿ ಮತ್ತು ಸಂಗಡಿಗರು ಕ್ಲೋರೋಫ್ಲೂರೋಕಾರ್ಬನ್, ಅಂದರೆ ಸಿಎಫ್‌ಸಿಗಳನ್ನು ಆರಿಸಿದರು. 1930ರಲ್ಲಿ ರಸಾಯನವಿಜ್ಞಾನಿಗಳ ಸಭೆಯಲ್ಲಿ ಮಿಡ್ಜ್‌ಲಿ ಆ ಅನಿಲವನ್ನು ಉಸಿರಿಗೆ ಎಳೆದುಕೊಂಡು, ಅದನ್ನೇ ಊದಿ ಮೇಣದಬತ್ತಿ ಆರಿಸಿ ತೋರಿಸಿದರು. ವಿಷವಲ್ಲ, ಉರಿಯುವುದೂ ಇಲ್ಲ. ಪ್ರಯೋಗ ಸರಿಯಾಗಿಯೇ ಇತ್ತು. ಆದರೆ ಅದು ಉತ್ತರಿಸಿದ್ದು ಒಂದು ಕೋಣೆಯ ಪ್ರಶ್ನೆಯನ್ನು, ವಾಯುಮಂಡಲದ ಪ್ರಶ್ನೆಯನ್ನಲ್ಲ.

ಸುಲಭವಾಗಿ ಯಾವುದರೊಂದಿಗೂ ವರ್ತಿಸದ ಈ ಅಣು ದಶಕಗಳ ಕಾಲ ಉಳಿದು ಸ್ತರಗೋಳಕ್ಕೆ ಏರುತ್ತದೆ. ಅಲ್ಲಿ ಅತಿನೇರಳೆ ಕಿರಣಗಳು ಅದರಿಂದ ಕ್ಲೋರಿನ್ ಪರಮಾಣುವನ್ನು ಬೇರ್ಪಡಿಸುತ್ತವೆ. ಆ ಪರಮಾಣು ಕ್ರಿಯಾವರ್ಧಕವಾಗಿ ಸಾವಿರಾರು ಓಜೋನ್ ಅಣುಗಳನ್ನು ಒಡೆಯುತ್ತದೆ. ಇದನ್ನು ಮೊಲಿನಾ ಮತ್ತು ರೋಲೆಂಡ್ 1974ರಲ್ಲಿ ತಿಳಿಸಿದರು. ಅದಕ್ಕೆ ಒಂದು ವರ್ಷ ಮುನ್ನ, ಸಾಗರದ ಮೇಲಿನ ಗಾಳಿಯಲ್ಲಿ ಸಿಎಫ್‌ಸಿಯನ್ನು ಅಳೆದಿದ್ದ ಲವ್‌ಲಾಕ್, ಅದರಿಂದ ಅಪಾಯವಿಲ್ಲವೆಂದೇ ಬರೆದಿದ್ದರು. ಅಳತೆ ಸರಿ, ತೀರ್ಮಾನ ಅವಸರದ್ದು. 1985ರಲ್ಲಿ ಅಂಟಾರ್ಕ್ಟಿಕದ ಓಜೋನ್ ಕುಸಿತ ವರದಿಯಾಯಿತು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದ ಬಂತು.

ತರಗತಿಯಲ್ಲಿ ಸಾಮಾನ್ಯವಾಗಿ ಕತೆ ಇಲ್ಲಿಗೆ ಮುಗಿಯುತ್ತದೆ. ನನ್ನ ಆಕ್ಷೇಪ ಇರುವುದು ಇಲ್ಲಿಯೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ ವಿ. ರಾಮನಾಥನ್, ಸಿಎಫ್‌ಸಿಗಳು ಪ್ರಬಲ ಹಸಿರುಮನೆ ಅನಿಲಗಳೆಂದು 1975ರಲ್ಲೇ ತೋರಿಸಿದ್ದರು. ಇಂಗಾಲ–ಫ್ಲೂರಿನ್ ಬಂಧದ ಕಂಪನ ಅವಕೆಂಪು ವಿಕಿರಣವನ್ನು ಹೀರುವುದು ಇದಕ್ಕೆ ಒಂದು ಮುಖ್ಯ ಕಾರಣ. 1990ರ ದಶಕದಲ್ಲಿ ಬದಲಿಯಾಗಿ ಬಂದ ಎಚ್‌ಎಫ್‌ಸಿಗಳಲ್ಲಿ ಕ್ಲೋರಿನ್ ಇಲ್ಲ. ಓಜೋನ್ ಪದರ ಬದುಕಿತು. ಆದರೆ ಇಂಗಾಲ–ಫ್ಲೂರಿನ್ ಬಂಧ ಹಾಗೆಯೇ ಉಳಿಯಿತು. ನೂರು ವರ್ಷಗಳ ಲೆಕ್ಕದಲ್ಲಿ ಎಚ್‌ಎಫ್‌ಸಿ-134ಎಯ ತಾಪನ ಸಾಮರ್ಥ್ಯ, ತೂಕಕ್ಕೆ ತೂಕ, ಇಂಗಾಲದ ಡೈಆಕ್ಸೈಡಿನ ಸಾವಿರ ಪಟ್ಟಿಗೂ ಹೆಚ್ಚು. ಇವುಗಳ ಬಳಕೆ ತಗ್ಗಿಸಲು 2016ರಲ್ಲಿ ಕಿಗಾಲಿ ತಿದ್ದುಪಡಿ ಬೇಕಾಯಿತು. ಭಾರತ ಅದನ್ನು 2021ರಲ್ಲಿ ಅನುಮೋದಿಸಿತು.

ಓಜೋನ್ ರಕ್ಷಣೆ ತುರ್ತಾಗಿತ್ತು. ಬದಲಿ ಬೇಡವಾಗಿತ್ತು ಎಂದು ನಾನು ಹೇಳಲಾರೆ. ಆದರೆ ಎರಡೂ ಘಟನೆಗಳನ್ನು 'ಅನಿರೀಕ್ಷಿತ ಪರಿಣಾಮ' ಎಂಬ ಒಂದೇ ಶೀರ್ಷಿಕೆಯಡಿ ಕಲಿಸುವುದು ತಪ್ಪು. ಮೊದಲನೆಯದು ಕೇಳದೆ ಉಳಿದ ಪ್ರಶ್ನೆ. ಎರಡನೆಯದು ಗೊತ್ತಿದ್ದೂ ಮುಂದೂಡಿದ ಉತ್ತರ. ಸದುದ್ದೇಶ ಎರಡರಲ್ಲೂ ಇತ್ತು, ಆದರೆ ಅಣುವಿನ ಗುಣ ಅದರಿಂದ ಬದಲಾಗುವುದಿಲ್ಲ.

ಮುಂದಿನ ಬಾರಿ ಈ ಪಾಠ ಬಂದಾಗ ಅಧ್ಯಾಪಕರು ಚಕ್ರದ ಪಕ್ಕದಲ್ಲಿ ಮೂರು ಪ್ರಶ್ನೆ ಬರೆಯಲಿ: ಈ ಅನಿಲ ಎಲ್ಲಿಗೆ ಹೋಗುತ್ತದೆ? ಎಷ್ಟು ಕಾಲ ಉಳಿಯುತ್ತದೆ? ಯಾವ ವಿಕಿರಣವನ್ನು ಹೀರುತ್ತದೆ? ಉತ್ತರಕ್ಕೆ ಬೇಕಾದ ಭೌತವಿಜ್ಞಾನ ಪದವಿ ತರಗತಿಯಲ್ಲೇ ಇದೆ.