ನಟ್ಟಿನ ಬಿಗಿತ: ಕೈಯಂದಾಜು ಮತ್ತು ಟಾರ್ಕ್ ರೆಂಚು

ಕಾರಿನ ದುರಸ್ತಿಯಲ್ಲಿ ನಟ್ಟನ್ನು ಎಷ್ಟು ಬಿಗಿಯಬೇಕು? ಈ ಪ್ರಶ್ನೆಗೆ ಎರಡು ಉತ್ತರಗಳು ಚಾಲ್ತಿಯಲ್ಲಿವೆ. ‘ಅದು ಕೈಗೇ ಗೊತ್ತಾಗುತ್ತದೆ’ ಎನ್ನುತ್ತಾರೆ ಅನುಭವಿ ಮೆಕ್ಯಾನಿಕ್‌ಗಳು. ‘ಟಾರ್ಕ್ ರೆಂಚನ್ನೇ ಬಳಸಿ’ ಎನ್ನುತ್ತದೆ ತಯಾರಕರ ಕೈಪಿಡಿ. ಮೊದಲನೆಯದು ರೂಢಿ, ಎರಡನೆಯದು ವಿಜ್ಞಾನ ಎಂದು ತೀರ್ಪು ಕೊಡುವುದು ಸುಲಭ. ಆದರೆ ಬೇಕಾದುದನ್ನು ನೇರವಾಗಿ ಅಳೆಯುವ ಶಕ್ತಿ ಇವೆರಡರಲ್ಲಿ ಯಾವುದಕ್ಕೂ ಇಲ್ಲ.

ಬೇಕಾದುದು ಯಾವುದು? ನಟ್ಟನ್ನು ಬಿಗಿದಾಗ ಬೋಲ್ಟು ಅತಿ ಸ್ವಲ್ಪ ಹಿಗ್ಗುತ್ತದೆ. ಹಿಗ್ಗಿದ ಬೋಲ್ಟು ಗಡುಸಾದ ಸ್ಪ್ರಿಂಗಿನಂತೆ ಭಾಗಗಳನ್ನು ಒತ್ತಿ ಹಿಡಿಯುತ್ತದೆ. ಚಕ್ರವನ್ನು ಹಬ್‌ಗೆ, ಸಿಲಿಂಡರ್ ಹೆಡ್ಡನ್ನು ಎಂಜಿನ್ ಬ್ಲಾಕಿಗೆ ಬಂಧಿಸುವುದು ಈ ಎಳೆತವೇ. ಅದು ಕಡಿಮೆಯಾದರೆ ಅದುರಾಟಕ್ಕೆ ನಟ್ಟು ಸಡಿಲಗೊಂಡು ಚಕ್ರವೇ ಕಳಚಬಹುದು. ಸ್ಥಿತಿಸ್ಥಾಪಕ ಮಿತಿ ಮೀರಿದರೆ ಬೋಲ್ಟು ಮೊದಲಿನ ಉದ್ದಕ್ಕೆ ಮರಳುವುದಿಲ್ಲ; ತುಂಡಾಗಲೂಬಹುದು.

ನಾವು ಕೊಡುವುದಾದರೋ ಎಳೆತವನ್ನಲ್ಲ, ಟಾರ್ಕನ್ನು. ಅದರಲ್ಲಿ ಸುಮಾರು ಶೇ. 50 ಭಾಗ ನಟ್ಟಿನ ತಳದ ಘರ್ಷಣೆಗೆ, ಶೇ. 40 ಭಾಗ ತಿರುಪಿನ ಸುರುಳಿಗಳ ಘರ್ಷಣೆಗೆ ಖರ್ಚಾಗುತ್ತದೆ. ಬೋಲ್ಟನ್ನು ಹಿಗ್ಗಿಸಲು ಉಳಿಯುವುದು ಸುಮಾರು ಶೇ. 10 ಮಾತ್ರ.

ಕೈಯಂದಾಜಿನ ಕೊರತೆ ಇಷ್ಟೇ ಅಲ್ಲ. ಕೈಗೆ ತಿಳಿಯುವುದು ಬಲ, ಟಾರ್ಕ್ ಅಲ್ಲ. 30 ಸೆಂಮೀ ಉದ್ದದ ಸ್ಪ್ಯಾನರಿನ ತುದಿಯಲ್ಲಿ 300 ನ್ಯೂಟನ್ ಬಲ ಹಾಕಿದರೆ 90 ನ್ಯೂಟನ್-ಮೀಟರ್ ಟಾರ್ಕ್ ಬರುತ್ತದೆ. ಹಿಡಿಗೆ ಪೈಪು ತೊಡಿಸಿ 60 ಸೆಂಮೀ ಮಾಡಿದರೆ ಅದೇ ಬಲಕ್ಕೆ 180. ಇದಲ್ಲದೆ, ಬೇಕಾದ ಟಾರ್ಕ್ ಬೋಲ್ಟಿನ ವ್ಯಾಸದ ಘನಕ್ಕೆ ಅನುಪಾತದಲ್ಲಿರುತ್ತದೆ. 12 ಮಿಮೀ ಬೋಲ್ಟಿಗೆ 90 ಬೇಕಾದರೆ ಅದೇ ದರ್ಜೆಯ 6 ಮಿಮೀ ಬೋಲ್ಟಿಗೆ ಎಂಟನೇ ಒಂದು ಭಾಗ, ಅಂದರೆ ಸುಮಾರು 11 ಸಾಕು. ಚಿಕ್ಕ ಸ್ಪ್ಯಾನರುಗಳ ಹಿಡಿ ಗಿಡ್ಡವಾಗಿರುವುದು ಕೈಯಂದಾಜನ್ನು ಎಷ್ಟೋ ಕಾಪಾಡಿದೆ. ಉದ್ದ ಹಿಡಿಯ ರ‍್ಯಾಚೆಟ್ ಬಳಸಿದೊಡನೆ ಆ ರಕ್ಷಣೆ ತಪ್ಪುತ್ತದೆ.

ಹಾಗಾದರೆ ಟಾರ್ಕ್ ರೆಂಚು ನಿರ್ದೋಷಿಯೇ? ಲೆಕ್ಕ ಹಾಕಿ ನೋಡೋಣ. ಟಾರ್ಕ್ ಎಂದರೆ ಘರ್ಷಣೆಯ ಗುಣಕ, ವ್ಯಾಸ, ಎಳೆತ – ಈ ಮೂರರ ಗುಣಲಬ್ಧ. ಗುಣಕದ ಬೆಲೆ ಒಣ ಸುರುಳಿಗೆ ಸುಮಾರು 0.2, ಎಣ್ಣೆ ಸವರಿದರೆ ಸುಮಾರು 0.15. 12 ಮಿಮೀ ಬೋಲ್ಟಿಗೆ 90 ನ್ಯೂಟನ್-ಮೀಟರ್ ಕೊಟ್ಟಾಗ ಒಣ ಸ್ಥಿತಿಯಲ್ಲಿ ಬರುವ ಎಳೆತ 37,500 ನ್ಯೂಟನ್. ಎಣ್ಣೆಯಿದ್ದರೆ 50,000! ಸಾಧಾರಣ ಸುರುಳಿಯ 8.8 ದರ್ಜೆಯ ಬೋಲ್ಟು ಶಾಶ್ವತವಾಗಿ ಹಿಗ್ಗದೆ ತಾಳಬೇಕೆಂದು ನಿಗದಿಯಾಗಿರುವುದು ಸುಮಾರು 49,000 ಮಾತ್ರ. ಎರಡು ಸಲವೂ ರೆಂಚು ಅದೇ ‘ಟಕ್’ ಸದ್ದು ಮಾಡುತ್ತದೆ.

ಯಂತ್ರ ವಿನ್ಯಾಸದ ಪುಸ್ತಕಗಳು ಕೊಡುವ ಅಂದಾಜು ಇದನ್ನೇ ಹೇಳುತ್ತದೆ. ಎಳೆತದಲ್ಲಿ ಆಗುವ ತಪ್ಪು ಕೈಯಂದಾಜಿನಲ್ಲಿ ±35%, ಟಾರ್ಕ್ ರೆಂಚಿನಲ್ಲಿ ±25%, ನಟ್ಟು ತಿರುಗಿದ ಕೋನವನ್ನು ಅಳೆದರೆ ±15%. ಕೋನ ಏಕೆ ಮೇಲು? ಸುರುಳಿಯ ಅಂತರ 1.75 ಮಿಮೀ ಇದ್ದರೆ, ಎಣ್ಣೆಯಿರಲಿ ಇಲ್ಲದಿರಲಿ, ಕಾಲು ಸುತ್ತಿಗೆ ನಟ್ಟು ಸರಿಯುವುದು 0.44 ಮಿಮೀ. ಅನೇಕ ಆಧುನಿಕ ಎಂಜಿನ್‌ಗಳ ಹೆಡ್ ಬೋಲ್ಟುಗಳನ್ನು ಮೊದಲು ಸಣ್ಣ ಟಾರ್ಕಿಗೆ ಬಿಗಿದು, ಅನಂತರ ಗೊತ್ತಾದ ಕೋನದಷ್ಟು ತಿರುಗಿಸುವುದು ಇದೇ ಕಾರಣಕ್ಕೆ.

ಇದರಿಂದ ‘ವ್ಯತ್ಯಾಸ ಬರೀ ಹತ್ತು’ ಎಂದು ರೆಂಚನ್ನು ಬದಿಗಿಡಬಹುದೇ? ಸಲ್ಲದು. ಪೈಪು ತೊಡಿಸಿದ ಹಿಡಿ, ದಣಿದ ತೋಳು, ಹೊಸ ಹುಡುಗನ ಕೈ – ಇವುಗಳ ತಪ್ಪಿಗೆ 35ರ ಮಿತಿಯಿಲ್ಲ. ರೆಂಚಿನ ಅಳತೆಯನ್ನು ಬರೆದಿಡಬಹುದು, ಇನ್ನೊಬ್ಬರು ಅದನ್ನೇ ಮತ್ತೆ ಮಾಡಬಹುದು. ಕೈಯಂದಾಜು ಮೇಸ್ತ್ರಿಯೊಂದಿಗೇ ಹೋಗುತ್ತದೆ. ಆದರೆ ಸುರುಳಿಯನ್ನು ಶುಚಿಮಾಡದೆ, ಕೈಪಿಡಿಯ ಅಂಕಿ ಒಣ ಬೋಲ್ಟಿನದೋ ಎಣ್ಣೆ ಸವರಿದ್ದರದೋ ಎಂದು ನೋಡದೆ ರೆಂಚನ್ನು ನಂಬುವುದೂ ಅಂದಾಜೇ, ದುಬಾರಿ ಅಂದಾಜು.

ಟಾರ್ಕಿನ ಪಾಠದಲ್ಲಿ ಸ್ಪ್ಯಾನರಿನ ಚಿತ್ರ ಬರೆದು, ಬಲವನ್ನು ದೂರದಿಂದ ಗುಣಿಸಿ ನಿಲ್ಲಿಸುವುದು ವಾಡಿಕೆ. ನಟ್ಟು ತಿರುಗುವುದು ನಿಂತ ಮೇಲೆ ಆ ಟಾರ್ಕ್ ಎಲ್ಲಿಗೆ ಹೋಯಿತು ಎಂದು ಶಿಕ್ಷಕರು ಒಮ್ಮೆ ಕೇಳಲಿ. ಘರ್ಷಣೆ, ಸ್ಥಿತಿಸ್ಥಾಪಕತೆ, ಅಳತೆಯ ದೋಷ – ಬೇರೆ ಬೇರೆ ಅಧ್ಯಾಯಗಳಲ್ಲಿ ಓದಿದ ಮೂರೂ ಒಂದೇ ಬೋಲ್ಟಿನಲ್ಲಿ ಸಿಗುತ್ತವೆ.