ಅಪ್ಪನ ಸಿಟ್ಟು ಮತ್ತು ರೆನ್ ಅಂಡ್ ಮಾರ್ಟಿನ್

ನಮ್ಮ ಮನೆಯ ಕಪಾಟಿನಲ್ಲಿ ಬೈಂಡು ಬಿಚ್ಚಿಹೋದ ದಪ್ಪ ಪುಸ್ತಕವೊಂದಿದೆ. ಅಣ್ಣ ಓದಿ ನನಗೆ ಕೊಟ್ಟದ್ದು, ನಾನು ಬಿ.ಎಡ್. ಮುಗಿಸಿ ಇಂಗ್ಲಿಷ್ ಟೀಚರಾದ ಮೇಲೂ ಕೈಬಿಡದೆ ಇಟ್ಟುಕೊಂಡದ್ದು. ರೆನ್ ಮತ್ತು ಮಾರ್ಟಿನ್ ಬರೆದ ಹೈಸ್ಕೂಲ್ ಇಂಗ್ಲಿಷ್ ವ್ಯಾಕರಣ. ನಿಮ್ಮಲ್ಲಿಯೂ ಎಷ್ಟೋ ಜನರ ಮನೆಯ ಅಟ್ಟದಲ್ಲಿ ಅದು ಇದ್ದೀತು. ಅದಕ್ಕೆ ವಿಮರ್ಶೆ ಬರೆಯುವುದೆಂದರೆ ಪಂಚಾಂಗಕ್ಕೆ ವಿಮರ್ಶೆ ಬರೆದ ಹಾಗೆ ಎಂದು ನೀವು ನಕ್ಕೀರಿ. ಆದರೂ ಆ ಪುಸ್ತಕದ ಮೇಲೆ ನನ್ನದೊಂದು ದೂರಿದೆ. ಅದಕ್ಕಿಂತ ದೊಡ್ಡ ದೂರು ನನ್ನ ಮೇಲೆಯೇ ಇದೆ.

ಮೊದಲು ಒಳ್ಳೆಯ ಮಾತು ಹೇಳಿಬಿಡುತ್ತೇನೆ. 1930ರ ದಶಕದಲ್ಲಿ ಬಂದ ಈ ಪುಸ್ತಕ ಇಂದಿಗೂ ಅಚ್ಚಾಗುತ್ತಿದೆ. ಬರೆದವರಲ್ಲಿ ಒಬ್ಬರಾದ ಪಿ.ಸಿ. ರೆನ್ ಭಾರತದಲ್ಲಿ ಶಿಕ್ಷಣ ಇಲಾಖೆಯ ಕೆಲಸದಲ್ಲಿದ್ದವರು, 'ಬೋ ಜೆಸ್ಟ್' ಎಂಬ ಕಾದಂಬರಿಯಿಂದ ಹೆಸರಾದವರು. ಮುಂದೆ ಎನ್.ಡಿ.ವಿ. ಪ್ರಸಾದ ರಾವ್ ಅದನ್ನು ಪರಿಷ್ಕರಿಸಿದರು. ಐದನೆಯ ತರಗತಿಯಲ್ಲಿ ಎ ಬಿ ಸಿ ಡಿ ಶುರುಮಾಡಿದ, ಶಿಕಾರಿಪುರದ ಕನ್ನಡ ಶಾಲೆಯ ನನ್ನಂಥ ಹುಡುಗಿಗೆ ಇಂಗ್ಲಿಷಿನ ಕಟ್ಟಡವನ್ನು ಇಟ್ಟಿಗೆ ಇಟ್ಟಿಗೆಯಾಗಿ ತೋರಿಸಿದ್ದು ಇದೇ. ಕ್ರಿಯಾಪದದ ಕಾಲಗಳನ್ನು ಅದಕ್ಕಿಂತ ಚೊಕ್ಕವಾಗಿ ಹೇಳಿಕೊಟ್ಟವರನ್ನು ನಾನು ಕಂಡಿಲ್ಲ.

ತೊಡಕು ಬರುವುದು ಪ್ರಿಪೊಸಿಷನ್ನಿನ ಹತ್ತಿರ. ಯಾವ ಪದದ ಜೊತೆ ಯಾವುದು ಬರಬೇಕೆಂದು ಪುಟಗಟ್ಟಲೆ ಪಟ್ಟಿ ಇದೆ. ಕಿರಾಣಿ ಅಂಗಡಿಯ ಚೀಟಿಯನ್ನು ಬಾಯಿಪಾಠ ಮಾಡಿದ ಹಾಗೆ ನಾವು ಅದನ್ನು ಮಾಡಿದೆವು, ಪರೀಕ್ಷೆ ಮುಗಿದ ಮೇಲೆ ಮರೆತೆವು. ಮಗು ಎಲ್ಲಿ ಎಡವುತ್ತದೆ, ಯಾತಕ್ಕೆ ಎಡವುತ್ತದೆ ಎಂಬುದು ಆ ಪಟ್ಟಿಯಲ್ಲಿ ಸಿಗದು. ಅದರ ಕಾರಣ ಇರುವುದು ಕನ್ನಡದಲ್ಲಿ.

ಸ್ವಲ್ಪ ನೋಡಿ. ನಮ್ಮದು ಹೆಸರಿನ ಹಿಂದೆ ಅಂಟಿಕೊಳ್ಳುವ ವಿಭಕ್ತಿ, ಅವರದು ಹೆಸರಿಗಿಂತ ಮೊದಲೇ ಬಂದು ನಿಲ್ಲುವ ಬಿಡಿಪದ. ಶಿಕಾರಿಪುರದಲ್ಲಿ ಇದ್ದೇನೆ, ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತೇನೆ, ಬಸ್ಸಿನಲ್ಲಿ ಬರುತ್ತೇನೆ, ಫೋನಿನಲ್ಲಿ ಮಾತಾಡುತ್ತೇನೆ. ನಾಲ್ಕಕ್ಕೂ ನಮಗೆ ಒಂದೇ 'ಅಲ್ಲಿ' ಸಾಕು. ಇಂಗ್ಲಿಷಿಗೆ ಇನ್, ಆಟ್, ಬೈ, ಆನ್ ಎಂದು ನಾಲ್ಕು ಬೇಕು. ಎರಡು ದಿನದಿಂದ ಜ್ವರ, ಸೋಮವಾರದಿಂದ ಜ್ವರ. ನಮಗೆ ಎರಡೂ 'ಇಂದ'. ಅವರಿಗೆ ಮೊದಲನೆಯದು ಫಾರ್, ಎರಡನೆಯದು ಸಿನ್ಸ್. ರಜಾ ಚೀಟಿಯಲ್ಲಿ 'ಫ್ರಮ್ ಟೂ ಡೇಸ್' ಎಂದು ಬರೆದ ಮಗು ದಡ್ಡ ಮಗುವಲ್ಲ. ಅದು ತನ್ನ ತಾಯಿನುಡಿಯನ್ನು ನಂಬಿ ಬರೆದಿದೆ.

ಕ್ರಿಯಾಪದದ ಕಥೆಯೂ ಅದೇ. ಬೆಳಗಿನಿಂದ ರಾತ್ರಿಯವರೆಗೆ ನಾವು ಹೆಂಗಸರು ಏನೇನು 'ಹಾಕು'ತ್ತೇವೆ, ಎಣಿಸಿ. ರಂಗೋಲಿ ಹಾಕುತ್ತೇವೆ, ಚಹಾಕ್ಕೆ ಸಕ್ಕರೆ ಹಾಕುತ್ತೇವೆ, ಬಳೆ ಹಾಕಿಕೊಳ್ಳುತ್ತೇವೆ, ಲೈಟು ಹಾಕುತ್ತೇವೆ, ಬಾಗಿಲು ಹಾಕುತ್ತೇವೆ, ಸಂಘದ ಪುಸ್ತಕಕ್ಕೆ ಸಹಿ ಹಾಕುತ್ತೇವೆ. ಇಂಗ್ಲಿಷಿನಲ್ಲಿ ಇವಕ್ಕೆ ಡ್ರಾ, ಆಡ್, ವೇರ್, ಸ್ವಿಚ್ ಆನ್, ಶಟ್, ಸೈನ್ ಎಂದು ಬೇರೆ ಬೇರೆ ಮಾತು. ನಮ್ಮ ಮಕ್ಕಳು ಎಲ್ಲ ಕಡೆಗೂ 'ಪುಟ್' ಹಾಕಿಬಿಡುತ್ತಾರೆ.

ಇದೆಲ್ಲ ನನಗೆ ಮೊದಲೇ ಹೊಳೆದಿದ್ದರೆ ಚೆನ್ನಾಗಿತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಹಾಯ್ದು ಸೊರಬ ತಾಲೂಕಿನ ಹೈಸ್ಕೂಲೊಂದಕ್ಕೆ ಹೋಗಿಬರುತ್ತಿದ್ದೆ. ಒಂಬತ್ತನೆಯ ತರಗತಿಗೆ 'ನನ್ನ ಮನೆ' ಎಂದು ವಿಷಯ ಕೊಟ್ಟು ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆಯಲು ಹೇಳಿದ್ದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಬರೆದಿದ್ದಳು: 'ಮೈ ಫಾದರ್ ಈಸ್ ಆಂಗ್ರಿ ಆನ್ ಮಿ ಫ್ರಮ್ ಒನ್ ಮಂತ್. ಹಿ ಈಸ್ ಟೆಲ್ಲಿಂಗ್ ಸ್ಟಾಪ್ ದ ಸ್ಕೂಲ್.'

ನಾನು ಕೆಂಪು ಪೆನ್ನಿನಿಂದ 'ಆನ್' ಹೊಡೆದು 'ವಿತ್' ಎಂದು ತಿದ್ದಿದೆ. 'ಫ್ರಮ್' ಹೊಡೆದು 'ಫಾರ್' ಬರೆದೆ. ಮರುದಿನ ಮೊದಲ ಸಾಲನ್ನು ತರಗತಿಯಲ್ಲಿ ಓದಿ, "ನಿಮ್ಮಪ್ಪ ನಿನ್ನ ಮೇಲೆ ಹತ್ತಿ ಕೂತಿದ್ದಾರೇನೇ?" ಎಂದೆ. ಎಲ್ಲರೂ ನಕ್ಕರು. ಅವಳೂ ತಲೆ ತಗ್ಗಿಸಿಕೊಂಡು ನಕ್ಕಳು. "ಸಾರಿ ಮೇಡಂ" ಎಂದಳು.

ದಸರಾ ರಜೆ ಮುಗಿದ ಮೇಲೆ ಅವಳು ಬರಲಿಲ್ಲ. ಮದುವೆ ಗೊತ್ತಾಗಿದೆಯಂತೆ ಎಂದು ಜೊತೆಯವಳು ಹೇಳಿದಳು. ನೋಟ್ ಪುಸ್ತಕಗಳ ಕಟ್ಟಿನಲ್ಲಿ ಅವಳದು ಉಳಿದಿತ್ತು. ತೆಗೆದು ಓದಿದೆ. ಎಲ್ಲ ತಪ್ಪನ್ನೂ ತಿದ್ದಿದ್ದೆ, ಅವಳು ಹೇಳಿದ್ದನ್ನು ಓದಿರಲಿಲ್ಲ. ನಾನು ಅವರ ಮನೆಗೆ ಹೋಗಿ ಮಾತಾಡಿದ್ದರೆ ಅವಳ ಅಪ್ಪ ಕೇಳುತ್ತಿದ್ದರೋ ಇಲ್ಲವೋ ಹೇಳಲಾರೆ. ಹೋಗಬೇಕು ಎಂದು ನನಗೆ ಅನ್ನಿಸಲೇ ಇಲ್ಲ, ಅದೇ ಇಂದಿಗೂ ಚುಚ್ಚುತ್ತದೆ. ಕನ್ನಡದಲ್ಲಿ ಸಿಟ್ಟು 'ಮೇಲೆ'ಯೇ ಬರುತ್ತದೆ. ಆ ಮನೆಯ ಸಿಟ್ಟು ನಿಜವಾಗಿಯೂ ಅವಳ ಮೇಲೆ ಬಿದ್ದಿತ್ತು. ಇಷ್ಟಾಗಿ, ನಾನು ಅಷ್ಟು ಗಟ್ಟಿಯಾಗಿ ತಿದ್ದಿದ 'ವಿತ್' ಒಂದೇ ಸರಿಯೂ ಅಲ್ಲ. ಅಮೆರಿಕದವರು ಮನುಷ್ಯರ ಮೇಲಿನ ಸಿಟ್ಟಿಗೂ 'ಆಟ್' ಎನ್ನುತ್ತಾರೆ.

ರೆನ್ ಪಕ್ಕದಲ್ಲಿ ಎ.ಎಸ್. ಹಾರ್ನ್‌ಬಿಯವರ ನಿಘಂಟನ್ನು ಇಟ್ಟು ನೋಡಬೇಕು. ಹಾರ್ನ್‌ಬಿ ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವರು. ಜೊತೆಗಾರರೊಂದಿಗೆ ಸಿದ್ಧಪಡಿಸಿದ ಅವರ ನಿಘಂಟು 1942ರಲ್ಲಿ ಟೋಕಿಯೋದಲ್ಲಿ ಅಚ್ಚಾಗಿ, 1948ರಲ್ಲಿ ಆಕ್ಸ್‌ಫರ್ಡಿನಿಂದ ಹೊರಬಂತು. ಅದು ಪದದ ಅರ್ಥ ಹೇಳಿ ಸುಮ್ಮನಾಗುವುದಿಲ್ಲ. ಕ್ರಿಯಾಪದ ವಾಕ್ಯದಲ್ಲಿ ಹೇಗೆ ನಡೆಯುತ್ತದೆ ಎಂಬ ಮಾದರಿಯನ್ನೂ ತೋರಿಸುತ್ತದೆ. 'ಬಗ್ಗೆ ಚರ್ಚಿಸಿದೆವು' ಎನ್ನುವ ನಾವು 'ಡಿಸ್ಕಸ್ ಅಬೌಟ್' ಎಂದುಬಿಡುತ್ತೇವೆ. ಡಿಸ್ಕಸ್‌ಗೆ ಆ 'ಅಬೌಟ್' ಬೇಡವೆಂದು ಅಂಥ ಮಾದರಿ ನೋಡಿದರೆ ತಿಳಿಯುತ್ತದೆ. ಇಂಗ್ಲಿಷ್ ಮನೆಮಾತಲ್ಲದ ಮಕ್ಕಳ ಎದುರು ನಿಂತು ಪಾಠ ಮಾಡಿದವರ ಕೈ ಅದರಲ್ಲಿ ಕಾಣುತ್ತದೆ. ಆದರೆ ನಮ್ಮ 'ಮೇಲೆ', ನಮ್ಮ 'ಇಂದ' ಅವರಿಗೂ ಗೊತ್ತಿಲ್ಲ. ಅದನ್ನು ಬಲ್ಲವರು ಶಿಕಾರಿಪುರ, ಸೊರಬದ ಟೀಚರುಗಳೇ.

ಶಿರಾಳಕೊಪ್ಪದ ಪಕ್ಕದಲ್ಲೇ ಬಳ್ಳಿಗಾವಿ. ಅಲ್ಲಿಯ ಕೋಡಿಮಠವನ್ನು ವರ್ಣಿಸುವ 1162ರ ಶಾಸನವೊಂದಿದೆ. ಕೌಮಾರ, ಪಾಣಿನೀಯ, ಶಾಕಟಾಯನ ಮೊದಲಾದ ವ್ಯಾಕರಣಗಳಿಗೆ ವ್ಯಾಖ್ಯಾನ ನಡೆಯುವ ಸ್ಥಾನ ಅದು ಎನ್ನುತ್ತದೆ. ದೀನರಿಗೆ ಅನ್ನ, ರೋಗಿಗಳಿಗೆ ಔಷಧಿ ಸಿಗುವ ಸ್ಥಾನವೆಂದೂ ಅದೇ ಶಾಸನ ಹೇಳುತ್ತದೆ. ವ್ಯಾಕರಣವೂ ಕರುಣೆಯೂ ಒಂದೇ ಮಾಡಿನ ಕೆಳಗೆ ಇದ್ದ ಊರಿನ ಪಕ್ಕದಲ್ಲೇ ನಾನು ದಿನವೂ ಬಸ್ಸಿನಲ್ಲಿ ಹಾದುಹೋಗುತ್ತಿದ್ದೆನಲ್ಲ ಎಂದು ನಾಚಿಕೆಯಾಗುತ್ತದೆ.

2007ರಿಂದ ನಮ್ಮ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಗೇ ಇಂಗ್ಲಿಷ್ ಬಂದಿದೆ. ಮಕ್ಕಳು ಬೇಗ ಶುರುಮಾಡುತ್ತಾರೆ, ಎಡವುವುದು ಅದೇ ಜಾಗಗಳಲ್ಲಿ. ರೆನ್ ಅಂಡ್ ಮಾರ್ಟಿನ್ ನನ್ನ ಮೇಜಿನ ಮೇಲೆ ಈಗಲೂ ಇರುತ್ತದೆ, ಆದರೆ ಕೆಂಪು ಪೆನ್ನು ಎತ್ತುವ ಮೊದಲು ಆ ವಾಕ್ಯವನ್ನು ಕನ್ನಡದಲ್ಲಿ ಹೇಳು ಎಂದು ಕೇಳುತ್ತೇನೆ. ತಪ್ಪು ಎಲ್ಲಿಂದ ಬಂತೆಂದು ಮಗುವಿಗೇ ಗೊತ್ತಾಗುತ್ತದೆ. ಮಗು ಏನು ಹೇಳುತ್ತಿದೆ ಎಂದು ನನಗೂ ಗೊತ್ತಾಗುತ್ತದೆ.

ನಿಮ್ಮ ಮಗು 'ಫೀವರ್ ಫ್ರಮ್ ಟೂ ಡೇಸ್' ಎಂದರೆ ಮೊದಲು ಹಣೆ ಮುಟ್ಟಿ ನೋಡಿ. 'ಫಾರ್' ಆಮೇಲೆ ಹೇಳಿಕೊಡಬಹುದು.