ಎಲ್ಲರೂ ಬಂದ ಮೇಲೆ ಅರ್ಥ ಹೇಳುವವರು ಯಾರು?

ತ್ರೇತಾಯುಗದ ಜಾಂಬವ ದ್ವಾಪರದ ಕೃಷ್ಣನ ಜೊತೆ ಗುಹೆಯೊಳಗೆ ಕುಸ್ತಿಗೆ ಇಳಿದರೆ ನಮ್ಮ ಊರಿನಲ್ಲಿ ಯಾರಿಗೂ ಆಶ್ಚರ್ಯವಿಲ್ಲ. ‘ಜಾಂಬವತಿ ಕಲ್ಯಾಣ’ ಪ್ರಸಂಗ ನೋಡಿದವರಿಗೆ ಅದು ಹಿಂದಿನ ಯುಗದ ಬಾಕಿಯೊಂದು ಚುಕ್ತಾ ಆಗುವ ಹೊತ್ತು. ‘ಶರಸೇತು ಬಂಧನ’ದಲ್ಲಿ ಅರ್ಜುನನಿಗೆ ಹನುಮಂತ ಎದುರಾಗುತ್ತಾನೆ. ರಾಮ ಯಾಕೆ ಕಲ್ಲಿನಲ್ಲಿ ಸೇತುವೆ ಕಟ್ಟಿಸಿದ, ನಾನಾಗಿದ್ದರೆ ಬಾಣಗಳಲ್ಲೇ ಕಟ್ಟುತ್ತಿದ್ದೆ ಎಂದು ಅರ್ಜುನ ಕೊಚ್ಚಿಕೊಳ್ಳುತ್ತಾನೆ, ಅಲ್ಲಿಂದ ಜಗಳ ಶುರು. ಒಂದು ಕಾವ್ಯದ ವೀರ ಇನ್ನೊಂದು ಕಾವ್ಯದ ಗಡಿ ದಾಟಿ ಬಂದು ಹೊಡೆದಾಡುವುದು ಕರಾವಳಿಯ ಪ್ರೇಕ್ಷಕನಿಗೆ ಹಳೆಯ ರುಚಿ. ಹಾಗಾಗಿ, ಬೇರೆ ಬೇರೆ ಆಟಗಳ ನಾಯಕರನ್ನೆಲ್ಲ ಒಂದೇ ರಂಗಕ್ಕೆ ತಂದು ಹೊಡೆದಾಡಿಸುವ ವಿಡಿಯೋ ಗೇಮ್ ಒಂದರ ಮುಂದೆ ಕುಳಿತಾಗ ನನ್ನ ಕೈಯಲ್ಲಿ ಅಳತೆಗೋಲೊಂದು ಮೊದಲೇ ಇತ್ತು.

ಆ ಆಟ ‘ಸೂಪರ್ ಸ್ಮ್ಯಾಶ್ ಬ್ರದರ್ಸ್ ಅಲ್ಟಿಮೇಟ್’. 2018ರ ಡಿಸೆಂಬರ್ 7ರಂದು ನಿಂಟೆಂಡೊ ಸ್ವಿಚ್ ಯಂತ್ರಕ್ಕೆ ಬಂತು. 1999ರಲ್ಲಿ ಶುರುವಾದ ಸರಣಿಯ ಹೊಸ ಕಂತು ಇದು. ನಿರ್ದೇಶಕ ಮೊದಲಿನಿಂದಲೂ ಇರುವ ಮಸಾಹಿರೊ ಸಕುರಾಯಿ. ನಿಂಟೆಂಡೊ ಆಗ ನಮ್ಮ ದೇಶದಲ್ಲಿ ಅಧಿಕೃತವಾಗಿ ಯಂತ್ರ ಮಾರುತ್ತಿರಲಿಲ್ಲ. ಮಂಗಳೂರಿಗೆ ಅನೇಕ ವಸ್ತುಗಳು ಬರುವ ದಾರಿಯಲ್ಲೇ ಇದೂ ಬಂತು: ಕ್ರಿಸ್‌ಮಸ್ ರಜೆಗೆ ದುಬೈಯಿಂದ ಬಂದ ಭಾವನ ಪೆಟ್ಟಿಗೆಯಲ್ಲಿ, ಖರ್ಜೂರ ಮತ್ತು ಹಾಲಿನ ಪುಡಿಯ ಡಬ್ಬದ ನಡುವೆ. ಅಕ್ಕನ ಮಕ್ಕಳಿಬ್ಬರ ಜೊತೆ ಮೂರು ವಾರ ಆಡಿದ ಮೇಲೆ ಹುಟ್ಟಿದ ಅನಿಸಿಕೆಗಳು ಇವು. ಪೂರ್ತಿ ಆಡಿ ಮುಗಿಸಿದವನ ತೀರ್ಪಲ್ಲ.

ಆಡುವ ಕ್ರಮ ಸರಳ. ಬೇರೆ ಹೊಡೆದಾಟದ ಆಟಗಳಲ್ಲಿರುವಂತೆ ಎದುರಾಳಿಯ ಆಯುಸ್ಸಿನ ಪಟ್ಟಿ ಇಲ್ಲಿ ಕರಗುವುದಿಲ್ಲ. ಪೆಟ್ಟು ಬಿದ್ದ ಹಾಗೆ ಅವನ ಹೆಸರಿನ ಪಕ್ಕದ ಶೇಕಡಾ ಸಂಖ್ಯೆ ಏರುತ್ತದೆ. ಸಂಖ್ಯೆ ಏರಿದಷ್ಟೂ ಅವನು ಹಗುರವಾಗುತ್ತಾನೆ, ಮುಂದಿನ ಏಟಿಗೆ ಇನ್ನಷ್ಟು ದೂರ ಹಾರುತ್ತಾನೆ. ರಂಗದಿಂದ ಆಚೆ ಹಾರಿಹೋದರೆ ಹೋದ ಹಾಗೆಯೇ. ಶುರುವಿನಲ್ಲಿ ಮಾರಿಯೊ, ಡಾಂಕಿ ಕಾಂಗ್, ಲಿಂಕ್, ಸ್ಯಾಮಸ್, ಯೋಷಿ, ಕರ್ಬಿ, ಫಾಕ್ಸ್, ಪಿಕಾಚು ಎಂಬ ಎಂಟು ಮಂದಿ ಮಾತ್ರ ಸಿಗುತ್ತಾರೆ. ಉಳಿದವರು ಒಬ್ಬೊಬ್ಬರಾಗಿ ಬಂದು ಸವಾಲು ಹಾಕುತ್ತಾರೆ, ಗೆದ್ದರೆ ನಮ್ಮ ಮೇಳಕ್ಕೆ ಸೇರುತ್ತಾರೆ. ಬಿಡುಗಡೆಯ ಹೊತ್ತಿಗೆ ಒಟ್ಟು 74. ಹಿಂದಿನ ಕಂತುಗಳಲ್ಲಿ ಒಮ್ಮೆಯಾದರೂ ಬಂದ ಎಲ್ಲ ಹೋರಾಟಗಾರರೂ ಇದರಲ್ಲಿ ಮರಳಿದ್ದಾರೆ. ‘ಎಲ್ಲರೂ ಇಲ್ಲಿದ್ದಾರೆ’ ಎಂಬುದೇ ಇದರ ಜಾಹೀರಾತಿನ ಘೋಷಣೆ.

ಎಲ್ಲರೂ ಇದ್ದರೆ ಸಾಕೇ? ಈ ಪ್ರಶ್ನೆ ನಮ್ಮಲ್ಲಿ ಯಕ್ಷಗಾನ ನೋಡುವವರಿಗೆ ಹೊಸತಲ್ಲ. ಎರಡು ಮೇಳಗಳು ಅಕ್ಕಪಕ್ಕದ ಎರಡು ರಂಗಸ್ಥಳಗಳಲ್ಲಿ ಒಂದೇ ಹೊತ್ತಿಗೆ ಒಂದೇ ಪ್ರಸಂಗವನ್ನು ಪಂಥಕ್ಕೆ ಬಿದ್ದು ಆಡುವುದು ಜೋಡಾಟ. ಎರಡು ಮೇಳಗಳವರು ಒಂದೇ ರಂಗಸ್ಥಳದಲ್ಲಿ ಸೇರಿ ಆಡುವುದು ಕೂಡಾಟ. ದೊಡ್ಡ ಹೆಸರುಗಳೆಲ್ಲ ಒಟ್ಟಾದ ರಾತ್ರಿ ಜನ ಕಿಕ್ಕಿರಿದು ಸೇರುತ್ತಾರೆ. ಬೆಳಿಗ್ಗೆ ಮನೆಗೆ ಹೋಗುವಾಗ ಕೆಲವರ ಮುಖದಲ್ಲಿ ನಿದ್ದೆಗೆಟ್ಟ ಬೇಸರ ಮಾತ್ರ ಇರುತ್ತದೆ. ಯಾರು ಯಾರಿಗಿಂತ ಜೋರಾಗಿ ಕುಣಿದರು ಎಂಬುದು ನೆನಪಿರುತ್ತದೆ, ಕಥೆ ಎಲ್ಲಿ ಹೋಯಿತು ಎಂಬುದು ನೆನಪಿರುವುದಿಲ್ಲ. ತೆಂಕಿನವನು ಬಡಗಿನವನ ಹಾಗೆ ಮಂಡಿ ಹೊಡೆಯಲು ಹೋಗುವುದು, ಬಡಗಿನವನು ತೆಂಕಿನ ದಿಗಿಣಕ್ಕೆ ಕೈ ಹಾಕುವುದು, ಇಬ್ಬರೂ ತಮ್ಮ ತಿಟ್ಟನ್ನು ಅರ್ಧ ಬಿಟ್ಟು ನಡುವೆ ಎಲ್ಲೋ ನಿಲ್ಲುವುದು ಇಂಥ ರಾತ್ರಿಗಳಲ್ಲೇ. ಆದ್ದರಿಂದ ಕೂಟ ಎಷ್ಟು ದೊಡ್ಡದು ಎಂದು ನಾನು ಎಣಿಸಲು ಹೋಗುವುದಿಲ್ಲ. ಎರಡು ವಿಷಯ ನೋಡುತ್ತೇನೆ. ಬಂದವನು ತನ್ನ ನಡೆ ಉಳಿಸಿಕೊಂಡನೇ? ಇನ್ನೊಬ್ಬನನ್ನು ಎದುರಿಸಿದಾಗ ಅವನಿಗೆ ಹೇಳಲು ಏನಾದರೂ ಇತ್ತೇ?

ಮೊದಲನೆಯ ಪ್ರಶ್ನೆಗೆ ಈ ಆಟ ಕೊಡುವ ಉತ್ತರ ನನ್ನನ್ನು ಬೆರಗುಗೊಳಿಸಿತು. ‘ಸ್ಟ್ರೀಟ್ ಫೈಟರ್’ನಿಂದ ಬಂದ ರ್‍ಯು ಎಂಬವನನ್ನು ನೋಡಿ. ಒಬ್ಬನಿಗೊಬ್ಬ ಎಂದು ಕಾದಾಡುವಾಗ ಅವನ ಮುಖ ಯಾವತ್ತೂ ಎದುರಾಳಿಯ ಕಡೆಗೇ ತಿರುಗಿರುತ್ತದೆ, ಏಕೆಂದರೆ ಅವನ ಸ್ವಂತ ಆಟದಲ್ಲಿ ಹಾಗೆ. ಸ್ಮ್ಯಾಶ್‌ನ ಮಾಮೂಲಿ ಹೋರಾಟಗಾರರು ಬೆನ್ನು ತಿರುಗಿಸಿ ಓಡಬಲ್ಲರು. ಅವನ ಹಡೋಕೆನ್ ಎಂಬ ಬೆಂಕಿಯುಂಡೆ ಬರಲು ಒಂದು ಬಟನ್ ಒತ್ತಿದರೂ ಸಾಕು. ಆದರೆ ಹಳೆಯ ಕ್ರಮದಲ್ಲಿ, ಕಡ್ಡಿಯನ್ನು ಕೆಳಗಿನಿಂದ ಮುಂದಕ್ಕೆ ಕಾಲು ಸುತ್ತು ತಿರುಗಿಸಿ ಒತ್ತಿದರೆ ಅದೇ ಪಟ್ಟು ಹೆಚ್ಚು ಬಲವಾಗಿ ಬರುತ್ತದೆ. 90ರ ದಶಕದಲ್ಲಿ ಪಾರ್ಲರಿನ ಯಂತ್ರದ ಮುಂದೆ ನಿಂತು ಕಲಿತ ಆ ತಿರುವು ನನ್ನ ಕೈಯಲ್ಲಿ ಇನ್ನೂ ಇತ್ತು. “ನಿಮ್ಮದು ಮಾತ್ರ ಹೇಗೆ ಜೋರು ಬೀಳುವುದು ಮಾವ?” ಎಂದು ಅಳಿಯ ಕೇಳಿದ. ಮೂರು ವಾರದಲ್ಲಿ ಅವನ ಮುಂದೆ ನನ್ನ ಮಾನ ಉಳಿದದ್ದು ಅದೊಂದೇ ಸಲ.

ಇನ್ನೊಬ್ಬ ಇದ್ದಾನೆ, ಮಿಸ್ಟರ್ ಗೇಮ್ ಆ್ಯಂಡ್ ವಾಚ್. 1980ರಲ್ಲಿ ಬಂದ ಅಂಗೈಯಗಲದ ಯಂತ್ರಗಳ ಕಪ್ಪು ನೆರಳಿನಂಥ ಬೊಂಬೆ. ಆ ಕಾಲದ ಪರದೆಯಲ್ಲಿ ಚಲನೆ ಹರಿಯುತ್ತಿರಲಿಲ್ಲ. ಕೈ ಒಮ್ಮೆ ಮೇಲೆ, ಒಮ್ಮೆ ಕೆಳಗೆ, ನಡುವೆ ಏನೂ ಇಲ್ಲ. ಸುತ್ತ ಎಲ್ಲರೂ ಉಬ್ಬುತಗ್ಗಿನ ಮೈಯಲ್ಲಿ ನುಣ್ಣಗೆ ಓಡುತ್ತಿರುವಾಗ ಈತ ಮಾತ್ರ ಇವತ್ತಿಗೂ ಕಾಗದ ಕತ್ತರಿಸಿದಂತೆ ಚಪ್ಪಟೆಯಾಗಿ, ತಡೆದು ತಡೆದು ಚಲಿಸುತ್ತಾನೆ. ಮುಷ್ಟಿಯುದ್ಧದ ಆಟದಿಂದ ಬಂದ ಲಿಟ್ಲ್ ಮ್ಯಾಕ್ ನೆಲದ ಮೇಲೆ ಸಿಡಿಲು, ಗಾಳಿಯಲ್ಲಿ ನಿಷ್ಪ್ರಯೋಜಕ. ಅವನ ಮೂಲ ಆಟದಲ್ಲಿ ಹಾರುವ ಪ್ರಶ್ನೆಯೇ ಇರಲಿಲ್ಲವಲ್ಲ. ಇವನ್ನು ಕೊರತೆ ಎಂದು ತಿದ್ದಿ ಎಲ್ಲರನ್ನೂ ಸಮ ಮಾಡಬಹುದಿತ್ತು. ಆಟ ಕಟ್ಟಿದವರು ಹಾಗೆ ಮಾಡಲಿಲ್ಲ. ಪರವೂರ ಕಲಾವಿದನನ್ನು ಕರೆಸಿ, ಅವನ ಚೆಂಡೆ ಮದ್ದಳೆಯನ್ನೂ ಜೊತೆಗೇ ಕರೆಸಿದ ಸಂಘಟಕನ ಮರ್ಯಾದೆ ಇದರಲ್ಲಿದೆ. ಹಿಂದೆ ಪರಸ್ಪರ ಸೆಣಸಿದ ಕಂಪನಿಗಳಾದ ನಿಂಟೆಂಡೊ ಮತ್ತು ಸೆಗಾದ ಮಾರಿಯೊ, ಸೋನಿಕ್ ಇಬ್ಬರೂ ಇಲ್ಲಿ ಇದ್ದಾರೆ. ಸೋನಿಕ್ ಸೋನಿಕ್‌ನಂತೆಯೇ ಓಡುತ್ತಾನೆ.

ಎರಡನೆಯ ಪ್ರಶ್ನೆಗೆ ಬಂದಾಗ ನನ್ನ ಉತ್ಸಾಹ ಇಳಿಯಿತು. ಈ 74 ಮಂದಿ ಪರಸ್ಪರ ಮಾತನಾಡುವುದಿಲ್ಲ. ‘ವರ್ಲ್ಡ್ ಆಫ್ ಲೈಟ್’ ಎಂಬ ಕಥಾಭಾಗ ಭರ್ಜರಿಯಾಗಿ ಶುರುವಾಗುತ್ತದೆ. ಗಲೀಮ್ ಎಂಬ ಬೆಳಕಿನ ದೈತ್ಯಶಕ್ತಿ ಎಲ್ಲರನ್ನೂ ಒಂದೇ ಏಟಿಗೆ ನುಂಗುತ್ತದೆ. ಗುಂಡಗಿನ ಕರ್ಬಿ ಒಬ್ಬನೇ ತಪ್ಪಿಸಿಕೊಳ್ಳುತ್ತಾನೆ. ಆಮೇಲೆ ಒಂದು ದೊಡ್ಡ ನಕ್ಷೆ, ಅದರ ಮೇಲೆ ಕಾದಾಟದ ಮೇಲೆ ಕಾದಾಟ. ಬಿಡುಗಡೆಯಾದ ವೀರ ಬಿಡಿಸಿದವನ ಮುಖ ಕೂಡ ಸರಿಯಾಗಿ ನೋಡದೆ ಸಾಲಿಗೆ ಸೇರುತ್ತಾನೆ. 2008ರ ‘ಬ್ರಾಲ್’ ಕಂತಿನಲ್ಲಿ ಮಾತು ಹೆಚ್ಚಿಲ್ಲದಿದ್ದರೂ ಪಾತ್ರಗಳು ಒಬ್ಬರನ್ನೊಬ್ಬರು ಎದುರಾಗುವ, ಅಳೆಯುವ, ಜೊತೆಯಾಗುವ ಉದ್ದದ ದೃಶ್ಯಗಳಿದ್ದವು. ಜನ ಹೆಚ್ಚಿದಂತೆ ಅಂಥ ಭೇಟಿಗಳು ಕಡಿಮೆಯಾಗಿವೆ. ಒಂದು ಸಣ್ಣ ಅಪವಾದ ಸ್ನೇಕ್ ಎಂಬ ಗೂಢಚಾರಿ. ತನ್ನದೇ ಆದ ‘ಶ್ಯಾಡೋ ಮೋಸಸ್’ ರಂಗದಲ್ಲಿ ಅವನು ಗುಟ್ಟಾಗಿ ರೇಡಿಯೋ ತೆಗೆದು ಎದುರಾಳಿ ಯಾರೆಂದು ತನ್ನವರ ಹತ್ತಿರ ವಿಚಾರಿಸುತ್ತಾನೆ. ಅದು ಎದುರಾಳಿಯ ಬಗ್ಗೆ ಆಡಿದ ಮಾತು, ಎದುರಾಳಿಯ ಜೊತೆಗಲ್ಲ.

ನಮ್ಮಲ್ಲಿ ಕಾಳಗ ಎಂದರೆ ಅದಕ್ಕೊಂದು ಕಾರಣ ಬೇಕೇ ಬೇಕು. ಗಯ ಉಗಿದದ್ದು ಕೃಷ್ಣನ ಕೈಗೆ ಬಿತ್ತು, ಕೃಷ್ಣ ಅವನನ್ನು ಕೊಲ್ಲುವ ಪಣ ತೊಟ್ಟ, ಗೊತ್ತಿಲ್ಲದೆ ಅರ್ಜುನ ಗಯನಿಗೆ ಅಭಯ ಕೊಟ್ಟ. ಇಷ್ಟಾದ ಮೇಲೆಯೇ ‘ಕೃಷ್ಣಾರ್ಜುನ ಕಾಳಗ’. ಇಬ್ಬರೂ ಸರಿ, ಇಬ್ಬರೂ ಹಿಂದೆ ಸರಿಯುವಂತಿಲ್ಲ. ತಾಳಮದ್ದಳೆಯಲ್ಲಂತೂ ಕುಣಿತವೂ ಇಲ್ಲ, ವೇಷವೂ ಇಲ್ಲ, ಕುಳಿತಲ್ಲೇ ಮಾತಿನ ಯುದ್ಧ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯ ಹೆಸರನ್ನು ಹಿರಿಯರು ಇಂದಿಗೂ ಎತ್ತುತ್ತಾರೆ. ಅಲ್ಲಿ ಬಾಣ ಆಗಲೇ ನಾಟಿದೆ, ಹೊಡೆದಾಟ ಮುಗಿದಿದೆ. ಬಿದ್ದವನು ಗೆದ್ದವನನ್ನು ಕೇಳಲು ಶುರು ಮಾಡಿದಾಗ ನಿಜವಾದ ಕಾಳಗ ಆರಂಭ. ಸ್ಮ್ಯಾಶ್‌ನಲ್ಲಿ ಬಿದ್ದವನು ಆಕಾಶದಲ್ಲಿ ಚುಕ್ಕಿಯಾಗಿ ಮಿನುಗಿ ಮಾಯವಾಗುತ್ತಾನೆ. ಕೊನೆಗೆ ಗೆದ್ದವನ ಹಿಂದೆ ನಿಂತು ಚಪ್ಪಾಳೆ ತಟ್ಟುತ್ತಾನೆ. ಜಾಂಬವ ಹೊಡೆತ ನಿಲ್ಲಿಸಿ, ಎದುರಿನವನು ಯಾರೆಂದು ಗುರುತಿಸುವ ಗಳಿಗೆ ಇದರಲ್ಲಿ ಎಲ್ಲಿಯೂ ಇಲ್ಲ. ಆ ಗಳಿಗೆಗಾಗಿಯೇ ಅಲ್ಲವೇ ನಾವು ಅಷ್ಟೂ ಹೊತ್ತಿನ ಕುಸ್ತಿ ನೋಡುವುದು?

ಮೊದಲ ವಾರ ಬರೆಯಲು ಕೂತಿದ್ದರೆ ಲೇಖನ ಇಲ್ಲಿಗೆ ಮುಗಿಯುತ್ತಿತ್ತು. ಎರಡನೆಯ ವಾರ, ಒಂದು ಸಂಜೆ, ನಾನು ಕೈಯಿಂದ ಕಂಟ್ರೋಲರ್ ಇಳಿಸಿ ಬರೀ ಪ್ರೇಕ್ಷಕನಾಗಿ ಕೂತಿದ್ದೆ. ಅಳಿಯ ಬೌಸರ್ ಆಗಿದ್ದ, ಪಕ್ಕದ ಮನೆಯ ಹುಡುಗ ಮಾರಿಯೊ, ಅಳಿಯನ ತಂಗಿ ಪೀಚ್. ಬೌಸರ್ ಎಂದರೆ ಮಾರಿಯೊ ಆಟಗಳಲ್ಲಿ ರಾಜಕುಮಾರಿ ಪೀಚಳನ್ನು ಹೊತ್ತೊಯ್ಯುವ ರಾಕ್ಷಸ. ಹೊಡೆಯುತ್ತ ಹೊಡೆಯುತ್ತ ಅಳಿಯ ಗಂಟಲು ದಪ್ಪ ಮಾಡಿ ಶುರು ಮಾಡಿದ: “ಪ್ರತಿ ಸಲ ನಾನು ಕದ್ದದ್ದು, ನಾನು ಕದ್ದದ್ದು ಅಂತ ಹೇಳ್ತೀಯಲ್ಲ, ಒಂದು ಸಲ ಆದ್ರೂ ಅವಳ ಹತ್ರ ಕೇಳಿದ್ದೀಯಾ?” ಪಕ್ಕದ ಮನೆಯವನು ಬಿಡಲಿಲ್ಲ: “ಕೇಳ್ಲಿಕ್ಕೆ ನೀನು ಕೋಟೆಯ ಬಾಗಿಲು ತೆಗೀಬೇಕಲ್ಲ ಮಾರಾಯ?” ಆಗ ಸಣ್ಣವಳು, “ನಾನು ಇಲ್ಲೇ ನಿಂತಿದ್ದೇನೆ, ಇಬ್ರೂ ಕೇಳುದಿಲ್ಲ!” ಎಂದು ಪೀಚಳ ಬಾಣಲೆಯಿಂದ ಇಬ್ಬರಿಗೂ ಬಾರಿಸಿದಳು. ಆ ಬಾಣಲೆ ಆಟದಲ್ಲೇ ಇದೆ, ಪೀಚಳ ಆಯುಧಗಳಲ್ಲಿ ಒಂದು. ಮಾತು ಅವಳದು.

ನನಗೆ ತಟ್ಟನೆ ಹೊಳೆದದ್ದು ಅರ್ಥಗಾರಿಕೆ. ಪ್ರಸಂಗದ ಪುಸ್ತಕದಲ್ಲಿ ಇರುವುದು ಭಾಗವತರು ಹಾಡುವ ಪದ್ಯಗಳು. ಅರ್ಥಧಾರಿ ಆಡುವ ಮಾತು ಅದರಲ್ಲಿ ಬರೆದಿರುವುದಿಲ್ಲ. ಎದುರಿನವನು ಏನು ಹೇಳಿದ ಎಂದು ಕೇಳಿಸಿಕೊಂಡು, ಅಲ್ಲೇ ಹುಟ್ಟಿಸಿ ಹೇಳಬೇಕು. ಮಾತಿಲ್ಲ ಎಂದು ನಾನು ದೂರುತ್ತಿದ್ದ ಆಟ ಮಕ್ಕಳ ಪಾಲಿಗೆ ಪದ್ಯವಾಗಿತ್ತು. ಅರ್ಥ ಸೋಫಾದ ಮೇಲೆ ನಡೆಯುತ್ತಿತ್ತು. ಹಾಗೆ ನೋಡಿದರೆ ಪಾತ್ರಗಳು ತಮ್ಮ ನಡೆಯನ್ನು ಅಷ್ಟು ಜತನದಿಂದ ಉಳಿಸಿಕೊಂಡದ್ದಕ್ಕೂ ಒಂದು ಪ್ರಯೋಜನ ಕಾಣುತ್ತದೆ. ಬೌಸರ್ ಬೌಸರ್‌ನಂತೆ ನಡೆಯದೆ ಇದ್ದಿದ್ದರೆ ಅವನ ಬಾಯಿಗೆ ಅಂಥ ಮಾತು ಹಾಕಬೇಕೆಂದು ಹನ್ನೆರಡು ವರ್ಷದ ಹುಡುಗನಿಗೆ ಹೊಳೆಯುತ್ತಿರಲಿಲ್ಲ. ವೇಷ ಸರಿಯಾಗಿದ್ದರೆ ಮಾತು ತಾನಾಗಿ ಬರುತ್ತದೆ ಎಂದು ನಮ್ಮ ಹಳಬರು ಹೇಳುವುದು ಇದನ್ನೇ ಇರಬೇಕು.

ಇಷ್ಟಕ್ಕೇ ಆಟದ ಸಾಲವೆಲ್ಲ ತೀರಿತು ಎಂದು ನಾನು ಹೇಳುವುದಿಲ್ಲ. ಈ ಅರ್ಥಗಾರಿಕೆ ಮೂವರು ಒಂದೇ ಕೋಣೆಯಲ್ಲಿ ಭುಜ ತಾಗಿಸಿ ಕೂತಾಗ ಮಾತ್ರ ಹುಟ್ಟಿತು. ಇಂಟರ್ನೆಟ್ಟಿನಲ್ಲಿ ಗುರುತಿಲ್ಲದ ಆಟಗಾರನ ಜೊತೆ ನಾನು ಆಡಿದ ಪಂದ್ಯಗಳು ಮೌನವಾಗಿಯೇ ಮುಗಿದವು. ಗೆದ್ದೆನೋ ಸೋತೆನೋ ಎಂಬುದಕ್ಕಿಂತ ಹೆಚ್ಚಿನದು ಏನೂ ಉಳಿಯಲಿಲ್ಲ. ಒಬ್ಬನೇ ಆಡುವ ಕಥಾಭಾಗವೂ ಹಾಗೆಯೇ. ಅಲ್ಲಿ ‘ಸ್ಪಿರಿಟ್’ಗಳೆಂಬ ಸಾವಿರಕ್ಕೂ ಹೆಚ್ಚು ಪಾತ್ರಗಳು ಬರುತ್ತವೆ. ಅವುಗಳಿಗೆ ಸ್ವಂತ ಮೈಯಿಲ್ಲ, ಇರುವ ಹೋರಾಟಗಾರರಲ್ಲಿ ಒಬ್ಬನನ್ನು ದೈತ್ಯನಾಗಿಸಿಯೋ ಬಣ್ಣ ಬದಲಿಸಿಯೋ ಅವುಗಳ ಬದಲಿಗೆ ನಿಲ್ಲಿಸುತ್ತಾರೆ. ಒಬ್ಬನೇ ಕಲಾವಿದ ರಾತ್ರಿಗೆ ಮೂರು ವೇಷ ಮಾಡುವುದನ್ನು ಕಂಡ ನನಗೆ ಈ ಉಪಾಯ ಮೆಚ್ಚಿಗೆಯಾಯಿತು. ಆದರೆ ನೂರು ವೇಷ ಕಳೆದ ಮೇಲೆ ಲೆಕ್ಕ ಮಾತ್ರ ಉಳಿಯುತ್ತದೆ.

ಈ ಕಂತನ್ನು ಹುಡುಕಿ ತರಿಸುವಷ್ಟು ಆಸಕ್ತಿ ಇರುವವರಿಗೆ ನನ್ನ ಸಲಹೆ ಒಂದೇ: ಒಬ್ಬರೇ ಆಡಬೇಡಿ, ಮನೆಗೆ ಜನ ಕರೆಯಿರಿ. ಎಲ್ಲರೂ ಇಲ್ಲಿದ್ದಾರೆ ಎಂಬ ಘೋಷಣೆ ಪರದೆಯ ಮಟ್ಟಿಗೆ ನಿಜ. ಪರದೆಯ ಈಚೆಯೂ ಅದು ನಿಜವಾದ ದಿನ ಆಟ ರಂಗೇರುತ್ತದೆ.

ರಜೆ ಮುಗಿದು ಭಾವ ದುಬೈಗೆ ಮರಳಿದ್ದಾರೆ. ಯಂತ್ರ ಇಲ್ಲೇ ಉಳಿದಿದೆ. ಮೇಳಗಳ ತಿರುಗಾಟ ಪತ್ತನಾಜೆಯವರೆಗೆ ಇದೆ. ಬರುವ ಶನಿವಾರ ಹತ್ತಿರದ ಗದ್ದೆಯಲ್ಲಿ ಆಟ, ಪ್ರಸಂಗ ‘ಶರಸೇತು ಬಂಧನ’. ಮಕ್ಕಳಿಬ್ಬರನ್ನೂ ಕರೆದುಕೊಂಡು ಹೋಗುತ್ತೇನೆ. ಹನುಮಂತ, ಅರ್ಜುನ ಎದುರುಬದುರಾದರೆ ಯಾರು ಗೆಲ್ಲುವುದು ಎಂದು ಅಳಿಯ ಈಗಲೇ ಕೇಳುತ್ತಿದ್ದಾನೆ. ಅವನ ತಂಗಿಯ ಪ್ರಶ್ನೆ ಬೇರೆ: “ಅವ್ರು ಜಗಳ ಯಾಕೆ ಮಾಡುದು ಮಾವ?”